ಮೂರು ಮನೆಯ ಅಳ್ಳು

ಆ ಭಾನುವಾರ ಬೆಳಿಗ್ಗೆ ಗುರುಲಿಂಗನ ಎದೆ ಹೊಡೆದುಕೊಳ್ಳಲು ಶುರುವಾದದ್ದು ಫೋನಿನಲ್ಲಿ ತರಗತಿಯ ಗುಂಪಿಗೆ ಬಂದ ಧಮ್ಮಶೀಲಾ ಮೇಡಂ ಅವರ ದನಿಯಿಂದ. ತಾಂಡೂರಿನ ಕಾಲೇಜಿನಲ್ಲಿ ಅವನ ಎರಡನೇ ವರ್ಷದ ತರಗತಿಗೆ ಸಮಾಜಶಾಸ್ತ್ರ ಹೇಳುವ ಈ ಜಹೀರಾಬಾದಿನ ಮೇಡಂ ಎಂದೂ ದನಿ ಎತ್ತಿದವರಲ್ಲ, ಯಾರನ್ನೂ ಬೈದವರಲ್ಲ. ಹುಡುಗರಿಗೆ ಅವರನ್ನು ಕಂಡರೆ ಭಯವಾಗುತ್ತಿದ್ದುದೇ ಅದಕ್ಕೆ.

"ಪ್ರೆಸೆಂಟೇಶನ್‌ಗೆ ಇನ್ನೂ ವಿಷಯ ಹೇಳದೇ ಇದ್ದವರು ಇವತ್ತು ಸಂಜಿ ಆರರೊಳಗ ಹೇಳ್ರಿ. ಹೇಳದಿದ್ರ ನಾನೇ ಒಂದು ವಿಷಯ ಕೊಡ್ತೀನಿ. ಅಂಥವರು ನಾಳೆ ಎಲ್ಲರಿಗಿಂತ ಮೊದಲು ನಿಂತು ಮಾತಾಡಬೇಕು" ಎಂದು ಮೇಡಂ ನಗುನಗುತ್ತಲೇ ಹೇಳಿದ್ದರು.

ನಿಂತು ಮಾತಾಡುವುದು! ಗುರುಲಿಂಗನಿಗೆ ನಿಲ್ಲುವುದು ಗೊತ್ತು, ಮಾತಾಡುವುದೂ ಗೊತ್ತು. ಎರಡನ್ನೂ ಒಟ್ಟಿಗೆ ಮಾಡೆಂದರೆ ಮಾತ್ರ ಕೈಕಾಲು ತಣ್ಣಗಾಗಿಬಿಡುತ್ತಿದ್ದವು. ನಾರಾಯಣಖೇಡದ ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಅವನನ್ನು ವಂದನಾರ್ಪಣೆಗೆ ನಿಲ್ಲಿಸಿದ್ದರು. ಯಾರಿಗೆ ವಂದಿಸಬೇಕೆಂಬುದೇ ಮರೆತುಹೋಗಿ, ಮೈಕಿಗೆ ಕೈಮುಗಿದು ಇಳಿದು ಬಂದಿದ್ದ. ಹುಡುಗರು ಚಪ್ಪಾಳೆ ತಟ್ಟಿದ್ದರು, ಪಾಪ, ಮೈಕಿನ ಪರವಾಗಿ.

ವಿಷಯ ಆರಿಸಲು ಮೇಡಂ ಹದಿನೈದು ದಿನ ಕೊಟ್ಟಿದ್ದರು. ವಿಷಯ ಆರಿಸದೇ ಹೋದರೆ ಪ್ರೆಸೆಂಟೇಶನ್ನೂ ಬರಲಾರದೆಂಬ ಒಂದು ಗುಟ್ಟಿನ ನಂಬಿಕೆಯಲ್ಲಿ ಇವನು ದಿನ ದೂಡಿದ. ಅಷ್ಟರಲ್ಲಿ ಉಳಿದವರು ತಾಂಡೂರಿನ ಕಲ್ಲು, ತೊಗರಿ ಮಾರುಕಟ್ಟೆ, ಸಿಮೆಂಟಿನ ಧೂಳು, ವಾಡಿ ಕಡೆಯ ರೈಲು, ಎಲ್ಲವನ್ನೂ ಬಾಚಿಕೊಂಡು ಹೋದರು. ಒಬ್ಬರು ಹಿಡಿದದ್ದನ್ನು ಇನ್ನೊಬ್ಬರು ಹಿಡಿಯುವಂತಿಲ್ಲ. ಫೋನು ನೋಡಿ ಹೇಳುವಂತಿಲ್ಲ. ವಿಷಯ ತನ್ನೂರಿನದೇ ಆಗಬೇಕು, ಊರಿನ ಮೂರು ಮನೆಗಾದರೂ ಹೋಗಿ ಕೇಳಿ ತಿಳಿದಿರಬೇಕು. ಇವು ಮೇಡಂ ಹಾಕಿದ ಕಟ್ಟಳೆಗಳು.

ಊರು ದೌಲತಾಬಾದಿನಿಂದ ಒಳಕ್ಕೆ. ಗುರುಲಿಂಗ ಒಲೆಯ ಮುಂದೆ ಹೋಗಿ ಕೂತ.

"ಅವ್ವಾ, ನಮ್ಮೂರಾಗ ವಿಶೇಷ ಏನದ?"

"ಏನದ?" ತಾಯಿ ಮೋನಮ್ಮ ಹಿಟ್ಟು ನಾದುತ್ತಲೇ ಹೇಳಿದಳು. "ಬಸ್ ಬರಂಗಿಲ್ಲ, ನಳಕ್ಕ ನೀರು ಬರಂಗಿಲ್ಲ. ಬರಾಂವ ನೀ ಒಬ್ಬಾಂವ, ಐತಾರಕ್ಕೊಮ್ಮಿ. ರೊಟ್ಟಿ ಆಗಾಕ ಇನ್ನಾ ತಡ ಅದ, ಊರಾಗ ಅಡ್ಡಾಡಿ ಬಾ ಹೋಗು."

ಹಸಿದ ಹೊಟ್ಟೆಯಲ್ಲೇ ಹೊರಗೆ ಬಂದ. ಅಂಗಳದಲ್ಲಿ ಕುರಿದೊಡ್ಡಿ ಖಾಲಿಯಿತ್ತು. ಅಪ್ಪ ಬೀರಣ್ಣ ಹಿಂಡು ಹೊಡೆದುಕೊಂಡು ಹಳ್ಳದ ಆಚೆಯ ಹೊಲದಲ್ಲಿದ್ದ. ತೊಗರಿ ರಾಶಿ ಮುಗಿದ ಮೇಲೆ ಊರಿನ ರೈತರು ಬೀರಣ್ಣನ ಕುರಿಗಳನ್ನು ರಾತ್ರಿ ತಮ್ಮ ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ. ನಾಲ್ಕು ರಾತ್ರಿ ಹಿಂಡು ಮಲಗೆದ್ದ ನೆಲಕ್ಕೆ ಹಿಕ್ಕೆಯ ಗೊಬ್ಬರ ಬಿದ್ದು, ಮುಂದಿನ ವರ್ಷದ ಪೈರು ಕರ್ರಗೆ ಮೇಲೇಳುತ್ತದೆ.

ಗುರುಲಿಂಗ ನಿಂತಲ್ಲೇ ಹಿಗ್ಗಿದ. ಹಿಂಡು ತರುಬುವುದು! ಇದನ್ನು ತಾಂಡೂರಿನ ಯಾವ ಹುಡುಗ ಹಿಡಿದಾನು? ಇವನೋ ಕುರಿಯವರ ಮಗ, ಓದುವ ಕೆಲಸವೂ ಇಲ್ಲ. ಮೂರು ಮನೆಗೆ ಹೋಗಿ ನಾಲ್ಕು ಮಾತು ಕೇಳಿದರೆ ಮುಗಿಯಿತು. ಅಪ್ಪನನ್ನೇ ಕೇಳಬಹುದಿತ್ತು. ಆದರೆ ಬೀರಣ್ಣ ಮನುಷ್ಯರಿಗಿಂತ ಕುರಿಗಳ ಜೊತೆ ಹೆಚ್ಚು ಮಾತಾಡುವವನು, ಮಗನಿಗೆ ಅವನೆಂದರೂ ಭಯ.

ಮೊದಲು ಹೋದದ್ದು ಪೋಚಪ್ಪನ ಮನೆಗೆ. ಹೊಲ ಇಷ್ಟೇ ಇಷ್ಟು, ಉಳಿದ ದಿನ ಕಲ್ಲಿನ ಗಣಿಯಲ್ಲಿ ಕೂಲಿ. ಪೋಚಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ.

"ಕಾಕಾ, ಒಂದು ಮಾತು ಕೇಳಬೇಕಾಗಿತ್ತು" ಎಂದ ಗುರುಲಿಂಗ. ಕಾಲೇಜಿನ ಸುದ್ದಿಯನ್ನು ಬೇಕೆಂದೇ ಬಾಯಿಗೆ ತರಲಿಲ್ಲ. ತಂದರೆ 'ಎಲ್ಲಿ, ಒಂದೀಟು ಹೇಳಿ ತೋರಿಸು' ಎಂದಾರೆಂಬ ಅಂಜಿಕೆ. "ನಿಮ್ಮ ಹೊಲದಾಗ ಹಿಂಡು ತರುಬಿದ್ರ ಭೂಮಿಗಿ ಹ್ಯಾಂಗ ಆಗ್ತದರಿ?"

ಪೋಚಪ್ಪನ ಕೈಯಿಂದ ಹಗ್ಗ ಜಾರಿತು. ಅವನು ಗುರುಲಿಂಗನ ಮುಖವನ್ನೇ ನೋಡಿದ. ಆಮೇಲೆ ಒಳಗೆ ತಿರುಗಿ, "ಏ ಎಲ್ಲಮ್ಮಾ! ಬೀರಣ್ಣನ ಮಗ ಬಂದಾನ. ಹೊಲದ ಸುದ್ದಿ ಕೇಳಾಕತ್ತಾನ!" ಎಂದು ಕೂಗಿದ.

ಎಲ್ಲಮ್ಮ ಓಡೋಡಿ ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಹುರಿದು ಅರಳಿಸಿದ ಜೋಳದ ಅಳ್ಳು, ಮೇಲೊಂದು ಬೆಲ್ಲದ ಹೆಂಟೆ. "ತಿನ್ನು ಮಗಾ. ನಿಮ್ಮ ಮನಿಯವರು ಹಿಂಗ ನಮ್ಮ ಬಾಗಲಿಗಿ ಬಂದು ಎಷ್ಟು ವರ್ಷ ಆತೋ" ಎಂದಳು. ಅವಳ ಕಣ್ಣು ತುಂಬಿತ್ತು.

ಗುರುಲಿಂಗ ಮುಷ್ಟಿ ಮುಷ್ಟಿ ತಿಂದ. ತಾನು ಬಂದದ್ದಕ್ಕೆ ಜನ ಅಳುತ್ತಾರೆಂದರೆ ಬೇಡವೆನ್ನುವುದು ಹೇಗೆಂದು ಇನ್ನೊಂದು ಮುಷ್ಟಿ ಬಾಯಿಗೆ ಹಾಕಿಕೊಂಡ. ಪೋಚಪ್ಪ ತನ್ನ ಹೊಲ ಬೂದಿಯಂತೆ ಬೆಳ್ಳಗಾಗಿದೆ, ಚೀಲದ ಗೊಬ್ಬರ ಹಾಕಿದಷ್ಟೂ ಬೇಡುತ್ತದೆ, ಹಿಂಡು ಕೂತ ವರ್ಷ ಮಾತ್ರ ತೊಗರಿ ಎದೆಯೆತ್ತರ ಬರುತ್ತದೆ ಎಂದೆಲ್ಲ ಹೇಳಿದ. ಗುರುಲಿಂಗ ಎಲ್ಲವನ್ನೂ ಮನಸ್ಸಿಟ್ಟು ಕೇಳಿದ.

ಎರಡನೆಯದು ಆತ್ಮಾರಾಮನ ಮನೆ. ಊರಿನಲ್ಲಿ ಟ್ರ್ಯಾಕ್ಟರ್ ಇರುವುದು ಇವನೊಬ್ಬನಿಗೇ. ಆ ಟ್ರ್ಯಾಕ್ಟರ್ ನಿಂತಿದ್ದರೂ ಇವನು ಅದರ ಮೇಲೆಯೇ ಕೂತಿರುತ್ತಾನೆ. ಪ್ರಶ್ನೆ ಕೇಳಿದ್ದೇ ತಡ, ಅಲ್ಲಿಂದ ಧುಮುಕಿ ಗುರುಲಿಂಗನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದೊಯ್ದ. ಹೆಂಡತಿ ತಾರಾಬಾಯಿ ಅಳ್ಳಿನ ಮೇಲೆ ಬೆಲ್ಲದ ಪುಡಿ ಉದುರಿಸಿ, ಅದರ ಮೇಲೆ ತುಪ್ಪವನ್ನೂ ಸುರಿದಳು.

"ಸಾಕ್ರಿ ಬಾಯಿ" ಎಂದ ಗುರುಲಿಂಗ.

"ಸಾಕು ಅನ್ನಬ್ಯಾಡ!" ಆತ್ಮಾರಾಮ ಗಾಬರಿಯಿಂದ ಅವನ ಕೈ ಹಿಡಿದ. "ತಿನ್ನು, ತಿನ್ನು. ನಮ್ಮ ಹೊಲದಾಗ ನಿಮ್ಮ ಕುರಿಗೋಳಿಗಿ ಯಾವ ತಕಲೀಫೂ ಇಲ್ಲ. ಬೋರಿನ ನೀರು ಅದ, ಮ್ಯಾಲ ಲೈಟ್ ಸುದ್ದಾ ಹಾಕಸ್ತೀನಿ."

ಮೂರನೆಯವನು ನಾಮದೇವ. ಆತ್ಮಾರಾಮನ ಹೊಲಕ್ಕೂ ಇವನ ಹೊಲಕ್ಕೂ ನಡುವೆ ಒಂದು ಬದು, ಆ ಬದುವಿನ ಮೇಲೊಂದು ಹಳೆಯ ಜಗಳ. ಪ್ರಶ್ನೆ ಕೇಳಿದ ಕೂಡಲೇ ನಾಮದೇವ ಒಳಗೆ ಹೋದ. ತಾನೇ ಅಳ್ಳಿನ ತಾಟು ತಂದಿಟ್ಟು ಎದುರಿಗೆ ಕೂತು, "ಬಾಯಾಗ ಹಾಕ್ಕೋ" ಎಂದ. ಗುರುಲಿಂಗ ಹಾಕಿಕೊಂಡ. "ನುಂಗು" ಎಂದ. ನುಂಗಿದ. ನಾಮದೇವ ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿಯೇ ನಕ್ಕ. ಆ ನಗು ಗುರುಲಿಂಗನಿಗೆ ಯಾಕೋ ಚೆನ್ನಾಗಿ ಕಾಣಲಿಲ್ಲ.

ಆದರೂ ಕೆಲಸ ಮುಗಿದಿತ್ತು. ಹೊಟ್ಟೆ ಸವರಿಕೊಳ್ಳುತ್ತ ಮನೆಯ ದಾರಿ ಹಿಡಿದವನು ಶಾಂತಪ್ಪನ ಹಿಟ್ಟಿನ ಗಿರಣಿಯ ಮುಂದೆ ನಿಂತ. ಯಾರ ಮನೆಯ ಒಲೆಯ ಮೇಲೆ ಏನು ಕುದಿಯುತ್ತಿದೆಯೆಂದು ಗಿರಣಿ ಬಿಟ್ಟೇಳದೆ ಹೇಳಬಲ್ಲ ಮನುಷ್ಯ ಈ ಶಾಂತಪ್ಪ.

"ಕಾಕಾ, ನಮ್ಮೂರ ಮಂದಿ ಭಾಳ ಛಲೋ ಅದಾರರಿ. ಹೊಲದಾಗ ಹಿಂಡು ತರುಬೋ ಸುದ್ದಿ ಕೇಳಾಕ ಹೋದ್ರ ಎಲ್ಲರೂ ಅಳ್ಳು ಬೆಲ್ಲ ಕೊಟ್ರು" ಎಂದ.

ಶಾಂತಪ್ಪ ಗಿರಣಿ ನಿಲ್ಲಿಸಿದ. ಹಿಟ್ಟು ಮೆತ್ತಿದ ಹುಬ್ಬುಗಳು ಮೇಲೇರಿದವು. "ಎಲ್ಲರೂ ಅಂದ್ರ?"

"ಪೋಚಪ್ಪ ಕಾಕಾ, ಆತ್ಮಾರಾಮರು, ನಾಮದೇವರು."

"ತಿಂದೀಯೇನು?"

"ತಿಂದೆ."

"ಮೂರೂ ಮನ್ಯಾಗ?"

"ಹಸಿವಿ ಆಗಿತ್ತರಿ."

ಶಾಂತಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಸತ್ತಿ ನೀ! ಕುರಿಯವರ ಮನಿ ಮನಷ್ಯಾ ಬಂದು ಹೊಲದ ಸುದ್ದಿ ಕೇಳಿದ ಅಂದ್ರ ಹಿಂಡು ಕೊಡಾಕ ಬಂದಾನ ಅಂತ. ಹೊಲದವರು ಅಳ್ಳು ಬೆಲ್ಲ ಇಡ್ತಾರ. ಒಲ್ಲೆ ಅಂದ್ರ, ಹೊಟ್ಟಿ ತುಂಬ್ಯಾದ ಅಂತ ಕೈ ಮುಗದು ಹೋಗೋದು. ತಿಂದ್ರ ಮಾತು ಕೊಟ್ಟಂಗ. ನಿಮ್ಮ ಮುತ್ಯಾನ ಕಾಲದಿಂದ ಹಿಂಗೇ ನಡದದ. ಇವತ್ತ ಸಂಜಿಗಿ ನಿಮ್ಮ ಹಿಂಡು ಹಳ್ಳದ ಆಚಿ ಹೊಲ ಬಿಟ್ಟು ಹೊಸ ಹೊಲಕ್ಕ ಹೋಗಬೇಕು. ಹಿಂಡು ಒಂದು, ನೀ ಮಾತು ಕೊಟ್ಟ ಹೊಲ ಮೂರು!"

ಐದನೇ ತರಗತಿಯಿಂದ ಹಾಸ್ಟೆಲಿನ ಅನ್ನ ತಿಂದು ಬೆಳೆದವನಿಗೆ ಇದೆಲ್ಲ ಯಾರು ಹೇಳಿಕೊಟ್ಟಿದ್ದರು? ಗುರುಲಿಂಗ ಗಿರಣಿಯ ಬಾಗಿಲು ಹಿಡಿದುಕೊಂಡ. "ಮಾತು ತಪ್ಪಿದ್ರ ಏನಾಗ್ತದರಿ?"

"ಈ ವರ್ಷ ಊರಾಗಿನ ಒಂದ ಹೊಲಕ್ಕೂ ನಿಮ್ಮ ಕುರಿ ಕಾಲು ಇಡಂಗಿಲ್ಲ. ನಿಮ್ಮಪ್ಪ ಬ್ಯಾಸಗಿ ಪೂರಾ ಹಿಂಡು ಹೊಡಕೊಂಡು ಕಲ್ಹೇರ್ ಕಡಿ ಅಲೀಬೇಕು. ಇಷ್ಟು ವರ್ಷ ಆತು, ಬೀರಣ್ಣ ಒಮ್ಮೆರ ಮಾತು ತಪ್ಪಿಲ್ಲ. ಅವನ ಇಜ್ಜತ್ ಕುಂತು ತಿಂದು ಬಂದೀದಿ ನೋಡು ನೀ."

ಗುರುಲಿಂಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಕಾಕಾ, ವಾಂತಿ ಮಾಡಿದ್ರ ಮಾತು ವಾಪಸ್ ಆಗ್ತದೇನ್ರಿ?"

"ಇಲ್ಲಿತನಾ ಯಾರೂ ಮಾಡಿ ನೋಡಿಲ್ಲ" ಎಂದ ಶಾಂತಪ್ಪ, ಬಹಳ ಗಂಭೀರವಾಗಿ.

ಅಲ್ಲಿಂದ ಗುರುಲಿಂಗ ಓಡಿದ್ದು ಮನೆಯ ಹಿಂದಿನ ಜೋಳದ ಕಣಿಕೆಯ ಬಣವೆಯ ಮರೆಗೆ. ತಾಯಿ ರೊಟ್ಟಿಗೆ ಕರೆದರೂ ಓಗೊಡಲಿಲ್ಲ. ಬೀದಿಯಲ್ಲಿ ಆತ್ಮಾರಾಮನ ಟ್ರ್ಯಾಕ್ಟರ್ ಹಾದು ಹೋಯಿತು, ಮೇಲೆ ಕುರಿಗೆ ಕಟ್ಟುವ ಬಲೆಯ ರಾಶಿ. ಹಿಂದೆಯೇ ನಾಮದೇವ ತನ್ನಿಬ್ಬರು ಭಾವಮೈದುನರಿಗೆ "ಆ ಬಲಿ ನಮ್ಮ ಬದು ದಾಟಿತಂದ್ರ ಹರದು ಒಗೀರಿ" ಎಂದು ಹೇಳುವುದು ಕೇಳಿಸಿತು. ಗುರುಲಿಂಗ ಇನ್ನಷ್ಟು ಒಳಗೆ ಸರಿದ.

"ಏ ಗುರುಲಿಂಗಾ, ಇಲ್ಲಿದ್ದೀಯೇನು?"

ಶಿಲ್ಪಾರಾಣಿ. ಪೋಚಪ್ಪನ ಮಗಳು, ಅವನದೇ ತರಗತಿ. ದೌಲತಾಬಾದಿನಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರೂ ಇಬ್ಬರೂ ನಾಲ್ಕು ಮಾತು ಆಡಿದವರಲ್ಲ. ಆಡಬೇಕೆಂದು ಇವನಿಗೆ ಬಹಳ ಸಲ ಅನ್ನಿಸಿತ್ತು, ಅನ್ನಿಸಿದಾಗಲೆಲ್ಲ ಕಿಟಕಿಯ ಹೊರಗೆ ನೋಡಿದ್ದ. ಈಗ ಅವಳಾಗಿಯೇ ಬಂದು ಎದುರಿನ ಕಲ್ಲಿನ ಮೇಲೆ ಕೂತಳು.

"ಗಿರಣಿ ಶಾಂತಪ್ಪ ಮಾವ ಊರ ತುಂಬಾ ಹೇಳ್ಯಾನ. ಖರೇ ಏನಾತು? ಮೊದಲ ಯಾರ ಮನಿಗಿ ಹೋದಿ?"

"ನಿಮ್ಮ ಮನಿಗೇ."

"ಆಮ್ಯಾಲ? ತಾರಾಬಾಯಿ ತುಪ್ಪ ಹಾಕಿದ್ಲಂತ, ಹೌದಾ? ನಾಮದೇವ ಮಾಮಾ ಏನಂದ? ಶಾಂತಪ್ಪ ಮಾವ ಹೇಳಿದಾಗ ನಿನಗ ಹ್ಯಾಂಗ ಅನಿಸ್ತು?"

ಇಪ್ಪತ್ತು ವರ್ಷದ ಬದುಕಿನಲ್ಲಿ 'ನಿನಗ ಹ್ಯಾಂಗ ಅನಿಸ್ತು' ಎಂದು ಗುರುಲಿಂಗನನ್ನು ಯಾರೂ ಕೇಳಿರಲಿಲ್ಲ. ಅವನು ಕರಗಿ ನೀರಾದ. ಎದೆ ಹೊಡೆದುಕೊಂಡದ್ದು, ನಾಲಿಗೆ ಒಣಗಿದ್ದು, ವಾಂತಿಯ ಯೋಚನೆ ಬಂದದ್ದು, ಒಂದನ್ನೂ ಬಿಡದೆ ಹೇಳಿದ. ಅವಳು ನಡುವೆ ನಗಲಿಲ್ಲ, ಗದರಲಿಲ್ಲ. ಬಿಟ್ಟುಹೋದದ್ದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡಳು. ಇಂಥ ಸಂಕಟದಲ್ಲೂ ಒಂದು ಜೀವ ತನಗಾಗಿ ಮರುಗುತ್ತಿದೆಯಲ್ಲ ಎಂದು ಅವನಿಗೆ ಸಮಾಧಾನವೆನಿಸಿತು.

ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಊರ ನಡುವಿನ ಬೇವಿನ ಕಟ್ಟೆಯ ಕಡೆಯಿಂದ ಕುರಿಗಳ ಕೂಗು, ಅದಕ್ಕಿಂತ ಜೋರಾಗಿ ಮನುಷ್ಯರ ಕೂಗು ಕೇಳಿಸಿತು. ಮೋನಮ್ಮ ಬಂದು ಬಣವೆಯಿಂದ ಮಗನನ್ನು ರಟ್ಟೆ ಹಿಡಿದು ಎಳೆದಳು. "ನಡಿ! ನಿಮ್ಮಪ್ಪ ಕರ್ಯಾಕತ್ತಾನ."

ಕಟ್ಟೆಯ ಮುಂದೆ ಊರೇ ನೆರೆದಿತ್ತು. ನಡುವೆ ಹಿಂಡು. ಒಂದು ಕಡೆ ಟ್ರ್ಯಾಕ್ಟರಿನ ಮೇಲೆ ಆತ್ಮಾರಾಮ, ಇನ್ನೊಂದು ಕಡೆ ಬಡಿಗೆ ಹಿಡಿದು ನಾಮದೇವ ಮತ್ತು ಭಾವಮೈದುನರು. ಪೋಚಪ್ಪ ಮತ್ತು ಎಲ್ಲಮ್ಮ ದೂರದಲ್ಲಿ ಬರಿಗೈಯಲ್ಲಿ ನಿಂತಿದ್ದರು. ಆ ಟ್ರ್ಯಾಕ್ಟರಿಗೂ ಈ ಬಡಿಗೆಗೂ ನಡುವೆ ತಮ್ಮ ಮಾತು ಎಲ್ಲಿ ನಡೆದೀತು ಎಂಬಂತಿತ್ತು ಅವರ ಮುಖ. ಗುರುಲಿಂಗನಿಗೆ ನಾಮದೇವನ ಬಡಿಗೆಗಿಂತ ಆ ಮುಖ ನೋಡುವುದೇ ಕಷ್ಟವಾಯಿತು.

ಬೀರಣ್ಣ ಕಂಬಳಿ ಹೊದ್ದು ಹಿಂಡಿನ ಮುಂದೆ ನಿಂತಿದ್ದ. "ಅಳ್ಳು ತಿಂದಾಂವ ಯಾರು?"

"ನಾ" ಎಂದ ಮಗ.

"ಕಟ್ಟಿ ಏರು. ಮಂದಿಗಿ ಹೇಳು."

"ಅಪ್ಪಾ, ನೀನೇ ಒಂದು ಮಾತು..."

"ನನ್ನ ಬಾಯಿಲಿಂದ ತಿಂದಿಲ್ಲ ನೀ. ಏರು."

ಗುರುಲಿಂಗ ಏರಿದ. ಕೆಳಗೆ ನೋಡಿದರೆ ಬರೀ ಕಣ್ಣು, ಮನುಷ್ಯರವೂ ಕುರಿಗಳವೂ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಜೋರಾಗಿ ಹೇಳೋ! ಹಿಂದ ಕೇಳವಲ್ದು!" ಶಾಂತಪ್ಪ ಕೂಗಿದ.

"ಇನ್ನಾ ಏನೂ ಹೇಳಿಲ್ಲರಿ" ಎಂದ ಗುರುಲಿಂಗ.

ಊರು ಗೊಳ್ಳೆಂದು ನಕ್ಕಿತು. ಭಾವಮೈದುನರೂ ನಕ್ಕರು. ಆ ನಗೆಯಲ್ಲಿ ಎಲ್ಲೋ ಗಂಟಲಿನ ಬಿರಡೆ ಕಿತ್ತುಹೋಯಿತು ನೋಡಿ, ಗುರುಲಿಂಗ ಮಾತಾಡಲು ಶುರುಮಾಡಿದ. ಕಾಲೇಜಿನ ಸುದ್ದಿ ಹೇಳಿದ. ರೊಟ್ಟಿ ತಡವಾದದ್ದನ್ನು ಹೇಳಿದ, ಮೋನಮ್ಮ ಅಲ್ಲಿಂದಲೇ ಕಣ್ಣು ಬಿಟ್ಟಳು. ಪದ್ಧತಿ ತನಗೆ ಗೊತ್ತಿರಲಿಲ್ಲ ಎಂದ.

"ನಮ್ಮ ಹೊಲದ ಸುದ್ದಿ ಆ ಮೇಡಮಿಗಿ ಯಾಕ ಬೇಕು?" ನಾಮದೇವ ಗುಡುಗಿದ. "ಆಕಿಗೇನು ಕುರಿ ಅವ?"

ಗುರುಲಿಂಗ ಅದಕ್ಕೂ ಉತ್ತರ ಹೇಳಿದ. ಕುರಿ ಕೂತ ನೆಲ ಯಾಕೆ ಮೆತ್ತಗಾಗುತ್ತದೆ, ಚೀಲದ ಗೊಬ್ಬರ ಕುಡಿದ ನೆಲ ಯಾಕೆ ಬೆಳ್ಳಗಾಗುತ್ತದೆ, ಸಣ್ಣ ಹೊಲದವರ ಪಾಳಿ ಯಾಕೆ ಬರುವುದೇ ಇಲ್ಲ, ಎಲ್ಲ ಹೇಳಿದ. ಒಬ್ಬ ಕೇಳಿದ ಮೇಲೆ ಇನ್ನೊಬ್ಬ ಕೇಳಿದ. ಮುದುಕರು ತಮ್ಮ ಕಾಲದ ಹಿಂಡಿನ ಲೆಕ್ಕ ತೆಗೆದರು. ಕೊನೆಗೆ ಅವನೇ, "ಮೊದಲ ಮನ್ಯಾಗ ತಿಂದದ್ದು ಮಾತು. ಉಳಿದ ಎರಡು ಮನ್ಯಾಗ ತಿಂದದ್ದು ಆಸೆಬುರುಕತನ. ತಪ್ಪು ನಂದು, ನಮ್ಮಪ್ಪಂದಲ್ಲ. ಮೊದಲ ಹೋಗಿದ್ದು ಪೋಚಪ್ಪ ಕಾಕಾನ ಮನಿಗಿ" ಎಂದು ಕೈಮುಗಿದ.

"ನಾವು ತುಪ್ಪಾ ಹಾಕಿದ್ದೆವು!" ತಾರಾಬಾಯಿ ಕೂಗಿದಳು.

"ತುಪ್ಪಕ್ಕ ನಾ ನಾಳೆ ತುಪ್ಪಾ ಕಳಸ್ತೀನಿ" ಎಂದ ಬೀರಣ್ಣ. "ಹಿಂಡು ಮೊದಲ ಪೋಚಪ್ಪನ ಹೊಲಕ್ಕ. ಆಮ್ಯಾಲ ನಿಮ್ಮಿಬ್ಬರ ಬದುವಿನ ಮ್ಯಾಲ ತರುಬ್ತೀನಿ. ಅರ್ಧಾ ಕುರಿ ಈ ಕಡಿ, ಅರ್ಧಾ ಆ ಕಡಿ."

ಆತ್ಮಾರಾಮನಿಗೆ ತನಗಿಂತ ಮೊದಲು ಸಿಗಲಿಲ್ಲವೆಂದು ನಾಮದೇವನಿಗೆ ಸಂತೋಷ, ನಾಮದೇವನಿಗೆ ಪೂರಾ ಸಿಗಲಿಲ್ಲವೆಂದು ಆತ್ಮಾರಾಮನಿಗೆ ಸಂತೋಷ. ಬಡಿಗೆಗಳು ಕೆಳಗಿಳಿದವು. ಎಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀರಣ್ಣ ಮಗನ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದ. ಬೀರಣ್ಣನ ಮಟ್ಟಿಗೆ ಅದು ಬಹಳ ದೊಡ್ಡ ಭಾಷಣ.

ಕಟ್ಟೆಯಿಂದ ಇಳಿದ ಮೇಲೆ ಗುರುಲಿಂಗನಿಗೆ ಹೊಳೆಯಿತು: ತಾನು ನಿಂತಿದ್ದೆ, ಮಾತಾಡಿದ್ದೆ, ಎರಡನ್ನೂ ಒಟ್ಟಿಗೆ ಮಾಡಿದ್ದೆ! ಇಡೀ ಊರು ಕೇಳಿತ್ತು. ತರಗತಿ ಯಾವ ಲೆಕ್ಕ? ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬೇವಿನ ಬುಡದಲ್ಲೇ ನಿಂತು ಎದೆಯುಬ್ಬಿಸಿ ಮೇಡಮಿಗೆ ಫೋನು ಹಚ್ಚಿದ.

"ಮೇಡಂ, ನನ್ನ ವಿಷಯ ಹಿಂಡು ತರುಬೋದು. ನಮ್ಮೂರ ಅಳ್ಳು ಬೆಲ್ಲದ ಪದ್ಧತಿ."

"ಅರೆ ಗುರುಲಿಂಗ, ಅದು ಹೋಯ್ತಲ್ಲಪ್ಪ!" ಮೇಡಂ ನಗುತ್ತಿದ್ದರು. "ಶಿಲ್ಪಾರಾಣಿನೂ ಇಲ್ಲೀತನಕ ವಿಷಯ ಹೇಳಿದ್ದಿಲ್ಲ, ಈಗ ತಾನೇ ಇದನ್ನ ಹಿಡಿದಳು. ಮೂರು ಮನಿಗಿ ಕಾಲಿಟ್ಟು ಮಾತಾಡಿಸ್ಯಾಳ. ನಿನ್ನ ಕತಿ ಪೂರಾ ಹೇಳಿದಳು. ವಾಂತಿ ಮಾತು ಬಂದಾಗ ನಾನಂತೂ ನಕ್ಕು ನಕ್ಕು ಸಾಕಾದೆ."

ಗುರುಲಿಂಗ ತಿರುಗಿ ನೋಡಿದ. ಶಿಲ್ಪಾರಾಣಿ ಅಪ್ಪನ ಜೊತೆ ಹಿಂಡಿನ ಮುಂದೆ ಹೊರಟಿದ್ದಳು. ಅವನನ್ನು ಕಂಡು ಬಹಳ ಪ್ರೀತಿಯಿಂದ ಕೈಬೀಸಿದಳು. ಕುರಿಗಳೂ ಅವರ ಹೊಲಕ್ಕೆ ಹೋದವು, ವಿಷಯವೂ ಅವರ ಮನೆಗೇ ಹೋಯಿತು.

"ಹಂಗಾರ ನನಗ, ಮೇಡಂ?"

"ನಾಳೆ ನೀನು ಆಕಿ ಬಾಜೂಕ ನಿಲ್ಲಬೇಕು. ಅಳ್ಳು ತಿಂದವನೇ ತರಗತಿಯೊಳಗ ಇರುವಾಗ ಬಿಡಲಿಕ್ಕೆ ಆಗ್ತದೇನು? ಪ್ರಶ್ನೆ ಎಲ್ಲಾ ನಿನಗೇ. ನಿನ್ನ ಪ್ರೆಸೆಂಟೇಶನ್ ಬೇರೆ, ಅದು ಆಕಿದಕ್ಕಿಂತ ಮೊದಲು. ಯಾರೂ ಮುಟ್ಟದ ವಿಷಯ ಒಂದೇ ಉಳಿದದ, ಅದನ್ನೇ ನಿನಗ ಕೊಟ್ಟೀನಿ."

ಗುರುಲಿಂಗ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಯಾವುದ್ರಿ?"

"ಮಂದಿ ಮುಂದ ಅಂಜದೇ ಮಾತಾಡೋದು ಹ್ಯಾಂಗ" ಎಂದರು ಮೇಡಂ. "ತಾಸೊತ್ತು ಮಾತಾಡಬೇಕು. ನಾಳೆ ಪ್ರಿನ್ಸಿಪಾಲರೂ ಕೇಳಲಿಕ್ಕೆ ಬರ್ತಾರ."